ಲಸಿಕೆಯ ಬಗೆಗಿನ ಧೋರಣೆ: ಸ್ವಯಂನಿರೋಧಕ ಕೀಲುರೋಗಿಗಳಲ್ಲಿ

ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಅಂಗಾಂಶಗಳ ಮೇಲೆ ತಿರುಗಿಬಿದ್ದಾಗ ಬರುವ ಕೆಲವು ಕಾಯಿಲೆಗಳನ್ನು ಸ್ವಯಂನಿರೋಧಕ ಕೀಲುರೋಗಗಳು ಎನ್ನುತ್ತಾರೆ. ರುಮಟಾಯ್ಡ್ ಸಂಧಿವಾತ, ಲೂಪಸ್, ಸೋರಿಯಾಸಿಸ್ ಜೊತೆ ಬರುವ ಕೀಲುವಾತ, ಚರ್ಮ ಗಟ್ಟಿಯಾಗುವ ಸ್ಕ್ಲೀರೋಡರ್ಮಾ, ಸ್ನಾಯುಗಳನ್ನು ಸೊರಗಿಸುವ ಮಯೊಸೈಟಿಸ್, ರಕ್ತನಾಳಗಳ ಉರಿಯೂತ ಮುಂತಾದವು ಈ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ಸೋಂಕಿನ ಅಪಾಯ ಎರಡು ದಿಕ್ಕಿನಿಂದ ಬರುತ್ತದೆ. ಕಾಯಿಲೆಯೇ ರಕ್ಷಣೆಯನ್ನು ಕೆಡಿಸುತ್ತದೆ. ಕಾಯಿಲೆಯನ್ನು ಹತೋಟಿಯಲ್ಲಿಡುವ ಸ್ಟೀರಾಯ್ಡ್, ಮೆಥೊಟ್ರೆಕ್ಸೇಟ್, ಮೈಕೊಫಿನೊಲೇಟ್, ರಿಟುಕ್ಸಿಮ್ಯಾಬ್‌ನಂಥ ಔಷಧಗಳು ಅದನ್ನು ಇನ್ನಷ್ಟು ತಗ್ಗಿಸುತ್ತವೆ. ಹಾಗಾಗಿ ನ್ಯುಮೋನಿಯಾ, ಫ್ಲೂ, ಸರ್ಪಸುತ್ತು ಈ ರೋಗಿಗಳನ್ನು ಉಳಿದವರಿಗಿಂತ ಹೆಚ್ಚು ಕಾಡುತ್ತವೆ. ಲಸಿಕೆ ಹೆಚ್ಚು ಬೇಕಾಗಿರುವುದು ಇವರಿಗೇ. ಹಿಂಜರಿಕೆಯೂ ಇವರಲ್ಲಿ ಕಡಿಮೆಯೇನಲ್ಲ.

ಈ ಹಿಂಜರಿಕೆಯನ್ನು ಸಾಮಾನ್ಯ ಲಸಿಕಾ ವಿರೋಧದ ಲೆಕ್ಕಕ್ಕೆ ಸೇರಿಸುವುದು ತಪ್ಪಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಜಾಗತಿಕ ಆರೋಗ್ಯದ ಹತ್ತು ಬೆದರಿಕೆಗಳಲ್ಲಿ ಲಸಿಕಾ ಹಿಂಜರಿಕೆಯನ್ನೂ ಹೆಸರಿಸಿದಾಗ ಅದರ ಕಣ್ಣ ಮುಂದಿದ್ದದ್ದು ಮುಖ್ಯವಾಗಿ ಆರೋಗ್ಯವಂತರು ಮತ್ತು ಅವರ ಮಕ್ಕಳು. ಕೀಲುರೋಗಿ ಹಾಗಲ್ಲ. ಆತ ವಾರಕ್ಕೊಮ್ಮೆ ಮಾತ್ರೆ ನುಂಗುವವನು, ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮಾಡಿಸುವವನು, ಆಧುನಿಕ ವೈದ್ಯಕೀಯವನ್ನು ನಂಬಿಯೇ ಬದುಕುವವನು. ಆತನ ಅನುಮಾನ ಬೇರೆ ಕಡೆಯಿಂದ ಹುಟ್ಟುತ್ತದೆ.

ಭಯದ ಮೂಲ

ರೋಗ ಪತ್ತೆಯಾದ ದಿನ ವೈದ್ಯರು ಹೇಳುವ ಮೊದಲ ಮಾತು, ‘ನಿಮ್ಮ ಇಮ್ಯೂನಿಟಿ ಅತಿಯಾಗಿ ಕೆಲಸ ಮಾಡುತ್ತಿದೆ, ಅದನ್ನು ತಗ್ಗಿಸಬೇಕು’ ಎಂದು. ಲಸಿಕೆ ಮಾಡುವುದು ಅದೇ ಇಮ್ಯೂನಿಟಿಯನ್ನು ಎಚ್ಚರಿಸುವ ಕೆಲಸ. ಈ ಎರಡು ಮಾತುಗಳನ್ನು ಜೋಡಿಸಿ ನೋಡುವ ರೋಗಿಗೆ ‘ಮಲಗಿದ್ದನ್ನು ಎಬ್ಬಿಸಿದಂತಾಗುವುದಿಲ್ಲವೇ’ ಎಂಬ ಪ್ರಶ್ನೆ ಏಳುವುದು ಸಹಜ, ತರ್ಕಬದ್ಧ ಕೂಡ. ಉತ್ತರ ಇರುವುದು ಪ್ರತಿರಕ್ಷೆಯ ಸೂಕ್ಷ್ಮದಲ್ಲಿ. ಲಸಿಕೆ ಒಂದು ನಿರ್ದಿಷ್ಟ ರೋಗಾಣುವಿನ ವಿರುದ್ಧ ಸೀಮಿತ ಪ್ರತಿಕ್ರಿಯೆಯನ್ನು ಹುಟ್ಟಿಸುತ್ತದೆ. ನಿಜವಾದ ಸೋಂಕು ತಂದಿಡುವ ಕೆರಳಿಕೆ ಅದಕ್ಕಿಂತ ಎಷ್ಟೋ ಪಾಲು ದೊಡ್ಡದು. ಇಷ್ಟನ್ನು ಬಿಡಿಸಿ ಹೇಳಲು ಹೊರರೋಗಿ ವಿಭಾಗದ ಐದು ನಿಮಿಷ ಸಾಲುವುದಿಲ್ಲ.

ಇತಿಹಾಸವೂ ಅನುಮಾನಕ್ಕೆ ನೀರೆರೆದಿದೆ. ಅಮೆರಿಕದಲ್ಲಿ 1976ರ ಹಂದಿಜ್ವರ ಲಸಿಕೆ ಪಡೆದವರಲ್ಲಿ ಸುಮಾರು ಲಕ್ಷಕ್ಕೊಬ್ಬರಂತೆ ಹೆಚ್ಚುವರಿಯಾಗಿ ಗಿಯಾನ್-ಬಾರೆ ನರರೋಗ ಕಂಡಿತು. ಹೆಪಟೈಟಿಸ್ ಬಿ ಲಸಿಕೆಗೂ ನರರೋಗವಾದ ಮಲ್ಟಿಪಲ್ ಸ್ಕ್ಲೀರೋಸಿಸ್‌ಗೂ ನಂಟಿದೆಯೆಂಬ ಗುಲ್ಲಿನ ನಡುವೆ ಫ್ರಾನ್ಸ್ 1998ರಲ್ಲಿ ಶಾಲೆಗಳಲ್ಲಿ ಆ ಲಸಿಕೆ ಹಾಕುವುದನ್ನು ನಿಲ್ಲಿಸಿತು. ನಂತರದ ಅಧ್ಯಯನಗಳು ಆ ನಂಟನ್ನು ಒಪ್ಪಲಿಲ್ಲ. ಲಸಿಕೆಗೆ ಬೆರೆಸುವ ಅಲ್ಯೂಮಿನಿಯಂನಂಥ ಸಹಾಯಕ ದ್ರವ್ಯಗಳೇ ಸ್ವಯಂನಿರೋಧಕ ಲಕ್ಷಣಗಳನ್ನು ಹುಟ್ಟಿಸುತ್ತವೆ ಎಂಬ ವಾದವನ್ನು ಇಸ್ರೇಲಿನ ವೈದ್ಯ ಯೆಹುದಾ ಶೋನ್‌ಫೆಲ್ಡ್ 2011ರಲ್ಲಿ ಮುಂದಿಟ್ಟರು. ಅವರು ಕೊಟ್ಟ ಲಕ್ಷಣಪಟ್ಟಿ ಯಾರಿಗೆ ಬೇಕಾದರೂ ಹೊಂದುವಷ್ಟು ಸಡಿಲವಾಗಿದೆ ಎಂಬ ಟೀಕೆ ಇದ್ದರೂ ರೋಗಿಗಳ ನಡುವೆ ಆ ವಾದ ಇಂದಿಗೂ ಓಡಾಡುತ್ತದೆ. ಭಯಕ್ಕೆ ಒಂದು ಸತ್ಯದ ಎಳೆಯೂ ಉಂಟು: ರುಬೆಲ್ಲಾ ಲಸಿಕೆ ವಯಸ್ಕ ಹೆಂಗಸರಲ್ಲಿ ಕೆಲವು ದಿನ ಕೀಲುನೋವು ತರಬಲ್ಲದು. ಅದು ತಾನಾಗಿ ಇಳಿಯುತ್ತದೆ. ಆದರೆ ಬೆಳಗ್ಗೆ ಎದ್ದರೆ ಬೆರಳು ಮಡಚಲಾಗದ ಸ್ಥಿತಿಯನ್ನು ವರ್ಷಗಟ್ಟಲೆ ಕಂಡವರಿಗೆ ‘ಕೆಲವು ದಿನದ ನೋವು’ ಸಣ್ಣ ಮಾತಲ್ಲ.

ಕೋವಿಡ್ ವರ್ಷಗಳು

ಈ ಧೋರಣೆಯ ಬಗ್ಗೆ ನಮಗಿರುವ ತಿಳಿವಳಿಕೆಯ ಬಹುಪಾಲು 2020ರ ನಂತರದ್ದು. ಕೋವಿಡ್ ಲಸಿಕೆಗಳ ಮೊದಲ ದೊಡ್ಡ ಪ್ರಯೋಗಗಳಲ್ಲಿ ರೋಗನಿರೋಧಕತೆ ತಗ್ಗಿಸುವ ಔಷಧ ಸೇವಿಸುವವರನ್ನು ಸೇರಿಸಿಕೊಂಡಿರಲಿಲ್ಲ. ‘ನಮ್ಮಂಥವರ ಮೇಲೆ ಪರೀಕ್ಷಿಸಿಲ್ಲ’ ಎಂಬ ರೋಗಿಗಳ ಮಾತು ಅಕ್ಷರಶಃ ನಿಜವಾಗಿತ್ತು. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ತಂಡ 2020ರ ಡಿಸೆಂಬರಿನಲ್ಲಿ 56 ದೇಶಗಳ 1,266 ರೋಗಿಗಳನ್ನು ಕೇಳಿದಾಗ ಲಸಿಕೆಗೆ ಒಪ್ಪಿದವರು ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಹೊಸ ತಂತ್ರಜ್ಞಾನ, ದೀರ್ಘಕಾಲದ ಪರಿಣಾಮ ಗೊತ್ತಿಲ್ಲದಿರುವುದು, ಕಾಯಿಲೆ ಉಲ್ಬಣಿಸುವ ಭಯ ಇವು ಮುಂದೆ ಬಂದ ಕಾರಣಗಳು.

ಉಲ್ಬಣದ ಪ್ರಶ್ನೆಗೆ ಉತ್ತರ ಮುಂದಿನ ವರ್ಷವೇ ಸಿಗತೊಡಗಿತು. 30 ದೇಶಗಳ 696 ಲೂಪಸ್ ರೋಗಿಗಳಲ್ಲಿ ಲಸಿಕೆಯ ನಂತರ ವೈದ್ಯರು ದೃಢಪಡಿಸಿದ ಉಲ್ಬಣ ಕಂಡದ್ದು 21 ಮಂದಿಯಲ್ಲಿ, ಅಂದರೆ ಶೇ. 3ರಷ್ಟು. ಯುರೋಪಿನ ಕೀಲುರೋಗ ವೈದ್ಯರ ಒಕ್ಕೂಟದ ದಾಖಲೆಯಲ್ಲಿದ್ದ 5,121 ಮಂದಿಯಲ್ಲಿ ಉರಿಯೂತದ ಕೀಲುರೋಗವಿದ್ದವರ ಪೈಕಿ ಉಲ್ಬಣ ಶೇ. 4.4, ತೀವ್ರ ಉಲ್ಬಣ ಶೇ. 0.6. ಕೀಲುರೋಗ ಲಸಿಕೆಯಿಲ್ಲದೆಯೂ ಏರಿಳಿಯುವಂಥದ್ದು. ಈ ಅಂಕಿಗಳಲ್ಲಿ ಎಷ್ಟು ಪಾಲನ್ನು ಲಸಿಕೆಯ ತಲೆಗೆ ಕಟ್ಟಬೇಕೆಂಬುದು ಬೇರೆ ಮಾತು. ಸ್ವಯಂನಿರೋಧಕ ರೋಗಿಗಳ ಕೋವಿಡ್ ಲಸಿಕೆ ಅನುಭವವನ್ನು ಹಲವು ದೇಶಗಳಲ್ಲಿ ಕಲೆಹಾಕಿದ, ಭಾರತೀಯ ವೈದ್ಯರ ಪಾತ್ರ ದೊಡ್ಡದಾಗಿದ್ದ ಕೋವ್ಯಾಡ್ ಸಮೀಕ್ಷೆಗಳು ಒಟ್ಟಾರೆ ಹಿಂಜರಿಕೆ ಇಳಿದದ್ದನ್ನು ತೋರಿಸಿದವು. ಮಯೊಸೈಟಿಸ್ ರೋಗಿಗಳಲ್ಲಿ ಮಾತ್ರ ದೀರ್ಘಕಾಲೀನ ಪರಿಣಾಮಗಳ ಆತಂಕ ಉಳಿದುಕೊಂಡಿತು.

ಭಾರತದಲ್ಲಿ ಗೊಂದಲಕ್ಕೆ ಬೇರೆಯೇ ಹಿನ್ನೆಲೆಯಿತ್ತು. 2020ರ ಮಾರ್ಚಿನಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಕೋವಿಡ್ ತಡೆಯುತ್ತದೆಂಬ ನಿರೀಕ್ಷೆಯಲ್ಲಿ ಜನ ಅದನ್ನು ಕೊಳ್ಳಲು ಮುಗಿಬಿದ್ದರು. ಲೂಪಸ್ ರೋಗಿಗಳ ದಿನನಿತ್ಯದ ಮಾತ್ರೆ ಅದು. ಔಷಧ ಅಂಗಡಿಗಳಲ್ಲಿ ಅವರಿಗೇ ಸಿಗದಾಯಿತು. 2021ರ ಜನವರಿ 16ರಂದು ಲಸಿಕಾ ಅಭಿಯಾನ ಶುರುವಾದ ಕೆಲವೇ ದಿನಗಳಲ್ಲಿ ಎರಡು ಲಸಿಕೆಗಳ ಮಾಹಿತಿಪತ್ರಗಳು ಎರಡು ಮಾತಾಡಿದವು. ರೋಗನಿರೋಧಕ ಶಕ್ತಿ ಕುಗ್ಗಿದವರು, ಅದರ ಮೇಲೆ ಪರಿಣಾಮ ಬೀರುವ ಔಷಧ ಸೇವಿಸುವವರು ತೆಗೆದುಕೊಳ್ಳಬೇಡಿ ಎಂದು ಕೋವ್ಯಾಕ್ಸಿನ್‌ನದು. ಅಂಥವರು ಲಸಿಕೆ ಹಾಕುವವರಿಗೆ ಮೊದಲೇ ತಿಳಿಸಿ ಎಂದಷ್ಟೇ ಕೋವಿಶೀಲ್ಡ್‌ನದು. ಮಾರ್ಚ್ 1ರಿಂದ ಬೇರೆ ಕಾಯಿಲೆಗಳಿದ್ದ 45ರಿಂದ 59 ವಯಸ್ಸಿನವರಿಗೆ ಲಸಿಕೆ ತೆರೆದಾಗ, ದೀರ್ಘಕಾಲ ಸ್ಟೀರಾಯ್ಡ್ ಅಥವಾ ರೋಗನಿರೋಧಕತೆ ತಗ್ಗಿಸುವ ಔಷಧ ಸೇವಿಸುವವರು ಆದ್ಯತೆಯ ಪಟ್ಟಿಯಲ್ಲೇ ಇದ್ದರು. ಆರೇಳು ವಾರದೊಳಗೆ ‘ಬೇಡ’ ಎಂಬುದು ‘ಮೊದಲು ನೀವು’ ಆಗಿತ್ತು. ಭಾರತೀಯ ಕೀಲುರೋಗ ತಜ್ಞರ ಸಂಘ ಅದೇ ವರ್ಷ ಲಸಿಕೆಯ ಪರ ನಿಲುವು ಪ್ರಕಟಿಸಿತು. ಇಷ್ಟೆಲ್ಲ ಕಂಡ ರೋಗಿ ‘ಸ್ವಲ್ಪ ನೋಡೋಣ’ ಎಂದು ಕಾದಿದ್ದರೆ ಅದನ್ನು ಅಜ್ಞಾನವೆನ್ನಲಾಗದು.

ಮಾತ್ರೆ ನಿಲ್ಲಿಸುವ ಪ್ರಶ್ನೆ

ಇವರಿಗೆ ಲಸಿಕೆಯೆಂದರೆ ಒಂದು ಚುಚ್ಚುಮದ್ದಿಗೆ ಮುಗಿಯುವುದಿಲ್ಲ. ಔಷಧ ನಡೆಯುತ್ತಿದ್ದರೆ ಲಸಿಕೆ ಪೂರ್ತಿ ಹಿಡಿಯದಿರಬಹುದು. ಔಷಧ ಬಿಟ್ಟರೆ ಕೀಲು ಊದಿಕೊಳ್ಳಬಹುದು. ದಕ್ಷಿಣ ಕೊರಿಯಾದಲ್ಲಿ 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಫ್ಲೂ ಲಸಿಕೆಯ ನಂತರ ಎರಡು ವಾರ ಮೆಥೊಟ್ರೆಕ್ಸೇಟ್ ನಿಲ್ಲಿಸಿದವರಲ್ಲಿ ಶೇ. 75.7 ಮಂದಿಗೆ ತೃಪ್ತಿಕರ ಪ್ರತಿಕ್ರಿಯೆ ಬಂತು, ನಿಲ್ಲಿಸದವರಲ್ಲಿ ಶೇ. 54.5 ಮಂದಿಗೆ. ಬ್ರಿಟನ್ನಿನಲ್ಲಿ 254 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ಕೋವಿಡ್ ಬೂಸ್ಟರ್ ನಂತರ ಎರಡು ವಾರ ಮಾತ್ರೆ ಬಿಟ್ಟವರ ಪ್ರತಿಕಾಯ ಸುಮಾರು ಇಮ್ಮಡಿಯಾಯಿತು. ಕೇರಳದ ಕೊಚ್ಚಿಯಲ್ಲಿ ಕೋವಿಶೀಲ್ಡ್ ಪಡೆದವರ ಮೇಲೆ ನಡೆದ ಜೋಡಿ ಪ್ರಯೋಗ ಇನ್ನೂ ಉಪಯುಕ್ತ: ಎರಡೂ ಡೋಸ್ ನಂತರ ಮಾತ್ರೆ ನಿಲ್ಲಿಸಿದರೆ ಪ್ರತಿಕಾಯ ಏರಿತು, ಜೊತೆಗೆ ಉಲ್ಬಣವೂ ಹೆಚ್ಚಿತು, ಎರಡನೆಯ ಡೋಸ್ ನಂತರ ಮಾತ್ರ ನಿಲ್ಲಿಸುವುದು ಹೆಚ್ಚು ಸುರಕ್ಷಿತವೆಂದು ಕಂಡಿತು.

ರಿಟುಕ್ಸಿಮ್ಯಾಬ್ ಪಡೆಯುವವರದು ಹೆಚ್ಚು ಕಷ್ಟದ ಸ್ಥಿತಿ. ಪ್ರತಿಕಾಯ ತಯಾರಿಸುವ ಬಿ ಕೋಶಗಳನ್ನೇ ಅದು ಅಳಿಸುವುದರಿಂದ, ಹಿಂದಿನ ಡೋಸ್ ಆಗಿ ಕನಿಷ್ಠ ಆರು ತಿಂಗಳ ಮೇಲೆ, ಮುಂದಿನದಕ್ಕೆ ನಾಲ್ಕು ವಾರ ಮೊದಲು ಲಸಿಕೆ ಹಾಕಬೇಕೆಂಬುದು ಯುರೋಪಿನ ಕೀಲುರೋಗ ಒಕ್ಕೂಟದ 2019ರ ಸಲಹೆ. ಹಳದಿಜ್ವರ, ದಡಾರ-ಮಂಗನಬಾವು-ರುಬೆಲ್ಲಾ ಮುಂತಾದ ಜೀವಂತ (ದುರ್ಬಲಗೊಳಿಸಿದ ಜೀವಂತ ರೋಗಾಣುಗಳಿರುವ) ಲಸಿಕೆಗಳನ್ನು ತೀವ್ರ ಔಷಧದಲ್ಲಿರುವವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಈ ಒಂದು ‘ಬೇಡ’ವೇ ರೋಗಿಯ ಮನಸ್ಸಿನಲ್ಲಿ ಹರಡಿ ಎಲ್ಲ ಲಸಿಕೆಗೂ ಅಂಟಿಕೊಳ್ಳುವುದುಂಟು.

ಕೇಳದ ಸಲಹೆ

ಕೋವಿಡ್‌ಗೆ ಮುಂಚಿನಿಂದಲೂ ಫ್ಲೂ ಮತ್ತು ನ್ಯುಮೋಕಾಕಲ್ ಲಸಿಕೆಗಳ ಬಗ್ಗೆ ನಡೆದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣುವ ಕಾರಣ ಒಂದೇ: ‘ಯಾರೂ ಹೇಳಲಿಲ್ಲ’. ತಮ್ಮ ಕೀಲುರೋಗ ವೈದ್ಯರೇ ಸೂಚಿಸಿದರೆ ಹಾಕಿಸಿಕೊಳ್ಳುವವರ ಸಂಖ್ಯೆ ಏರುತ್ತದೆ. ಆದರೆ ತಜ್ಞರು ಅದು ಊರಿನ ಡಾಕ್ಟರ ಕೆಲಸವೆಂದುಕೊಳ್ಳುತ್ತಾರೆ. ಊರಿನ ಡಾಕ್ಟರು ‘ನಿಮ್ಮ ಸ್ಪೆಷಲಿಸ್ಟನ್ನು ಕೇಳಿ’ ಎನ್ನುತ್ತಾರೆ. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಮುಖ್ಯವಾಗಿ ಮಕ್ಕಳಿಗೆ ಮತ್ತು ಗರ್ಭಿಣಿಯರಿಗೆ. ವಯಸ್ಕರು ಫ್ಲೂ ಅಥವಾ ನ್ಯುಮೋಕಾಕಲ್ ಲಸಿಕೆಗೆ, 2023ರಿಂದ ಇಲ್ಲಿ ಸಿಗುತ್ತಿರುವ ಜೀವಂತವಲ್ಲದ ಸರ್ಪಸುತ್ತಿನ ಲಸಿಕೆಗೆ, ಸಾಮಾನ್ಯವಾಗಿ ಕೈಯಿಂದಲೇ ಹಣ ಕೊಡಬೇಕು. ತಿಂಗಳ ಔಷಧದ ಖರ್ಚಿಗೇ ಪರದಾಡುವ ಮನೆಯಲ್ಲಿ ‘ಮುಂದೆ ನೋಡೋಣ’ ಎಂಬುದನ್ನು ಹಿಂಜರಿಕೆ ಎನ್ನುವುದಕ್ಕಿಂತ ಲೆಕ್ಕಾಚಾರ ಎನ್ನುವುದೇ ಸರಿ.

ಬಸುರಿನ ಕಾಲದಲ್ಲಿ ಈ ಮೌನ ಹೆಚ್ಚು ಅಪಾಯಕಾರಿ. ಗರ್ಭದ ದ್ವಿತೀಯಾರ್ಧದಲ್ಲಿ ತಾಯಿ ಇನ್‌ಫ್ಲಿಕ್ಸಿಮ್ಯಾಬ್‌ನಂಥ ಬಯಾಲಜಿಕ್ ಔಷಧ ಪಡೆದಿದ್ದರೆ ಅದು ಹೊಕ್ಕುಳಬಳ್ಳಿಯ ಮೂಲಕ ಮಗುವನ್ನು ಸೇರಿ ತಿಂಗಳುಗಟ್ಟಲೆ ಉಳಿಯುತ್ತದೆ. ಅಂಥ ಶಿಶುಗಳಿಗೆ ಮೊದಲ ಆರು ತಿಂಗಳು ಜೀವಂತ ಲಸಿಕೆ ಬೇಡವೆಂಬುದು ಯುರೋಪಿನ ಕೀಲುರೋಗ ಒಕ್ಕೂಟದ 2019ರ ಅದೇ ಸಲಹೆಪಟ್ಟಿಯಲ್ಲಿದೆ. ಕರುಳಿನ ಕ್ರೋನ್ ಕಾಯಿಲೆಗೆ ಆ ಔಷಧ ಪಡೆದಿದ್ದ ತಾಯಿಯೊಬ್ಬರ ಮಗು ಬಿಸಿಜಿ ಲಸಿಕೆಯ ನಂತರ ಅದರ ರೋಗಾಣು ಮೈತುಂಬ ಹರಡಿ ತೀರಿಕೊಂಡ ಪ್ರಕರಣ 2010ರಲ್ಲಿ ವರದಿಯಾಗಿತ್ತು. ನಮ್ಮಲ್ಲಿ ಜೀವಂತ ಲಸಿಕೆಗಳಾದ ಬಿಸಿಜಿ ಮತ್ತು ಪೋಲಿಯೊ ಹನಿ ಎರಡನ್ನೂ ಹುಟ್ಟಿದ ಕೂಡಲೇ, ಆಸ್ಪತ್ರೆಯಿಂದ ಮನೆಗೆ ಕಳಿಸುವ ಮೊದಲೇ ಹಾಕುವ ರೂಢಿ. ತಾಯಿ ತಾನು ಪಡೆಯುತ್ತಿರುವ ಇಂಜೆಕ್ಷನ್ ಹೆಸರನ್ನು ಹೆರಿಗೆ ವಾರ್ಡಿನಲ್ಲಿ ಹೇಳಬೇಕು, ಅದನ್ನು ಕೇಳಿ ಬರೆದುಕೊಳ್ಳುವವರೂ ಅಲ್ಲಿರಬೇಕು.