ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆಯಲ್ಲಿ ಹೂವು ಹಾಗೂ ಗಿಡಗಳ ಖರೀದಿ

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕುಗಳು. ಇಲ್ಲಿ ಹೂವಿನ ಖರೀದಿ ನಡೆಯುವುದು ಬಹುಪಾಲು ದೇವರ ಪೂಜೆ, ದೈವಾರಾಧನೆ ಮತ್ತು ಮದುವೆಗಳಿಗಾಗಿ. ಹೂದಾನಿಯಲ್ಲಿಡಲು ಹೂವು ಕೊಳ್ಳುವ ರೂಢಿ ಕಡಿಮೆ.

ಮಲ್ಲಿಗೆ

ಮಾರುಕಟ್ಟೆಯಲ್ಲಿ ಮೊದಲ ಸ್ಥಾನ ಶಂಕರಪುರ ಮಲ್ಲಿಗೆಯದು. ಉಡುಪಿ ಬಳಿಯ ಶಂಕರಪುರದಿಂದ ಹೆಸರು ಪಡೆದ ಈ ಹೂವಿಗೆ ‘ಉಡುಪಿ ಮಲ್ಲಿಗೆ’ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯಿದೆ. ಮೊಗ್ಗುಗಳನ್ನು ಬಾಳೆನಾರಿನಲ್ಲಿ ಒತ್ತಾಗಿ ಕಟ್ಟುತ್ತಾರೆ. ಸುಮಾರು 800 ಮೊಗ್ಗುಗಳು ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ದರವು ಶಂಕರಪುರದಲ್ಲಿ ದಿನದಿನವೂ ನಿಗದಿಯಾಗುತ್ತದೆ. ಇತರ ಊರುಗಳ ಅಂಗಡಿಗಳೂ ಅದನ್ನೇ ಅನುಸರಿಸುತ್ತವೆ. ಆಟಿ ತಿಂಗಳಲ್ಲಿ ಶುಭಕಾರ್ಯಗಳಿಲ್ಲದೆ ಬೇಡಿಕೆ ಕುಗ್ಗುತ್ತದೆ. ಮದುವೆಯ ದಿನಗಳಲ್ಲಿ ಅಟ್ಟೆಗೆ 2,100 ರೂಪಾಯಿವರೆಗೂ ಬೆಲೆ ಏರಿದ್ದುಂಟು. ಆಗ ದಿಬ್ಬಣದ ಹೆಂಗಸರಿಗೆಲ್ಲ ಮಲ್ಲಿಗೆ ಹಂಚುವುದು ಸಾಮಾನ್ಯ ಕುಟುಂಬಕ್ಕೆ ಸಣ್ಣ ಖರ್ಚಲ್ಲ. ಹಾಗೆಂದು ಮಲ್ಲಿಗೆಯನ್ನು ಪೂರ್ತಿ ಬಿಡುವವರು ವಿರಳ. ಪ್ರಮಾಣ ಇಳಿಸಿ ಜಾಜಿ, ಭಟ್ಕಳ ಮಲ್ಲಿಗೆ ಅಥವಾ ಅಬ್ಬಲಿಗೆಯನ್ನು ಸೇರಿಸಿಕೊಳ್ಳುತ್ತಾರೆ.

ಘಟ್ಟದ ಹೂವು

ಸೇವಂತಿಗೆ, ಗೊಂಡೆ ಹೂಗಳು ಹಾಸನ, ಚಿಕ್ಕಮಗಳೂರು ಕಡೆಯಿಂದ ಘಟ್ಟ ಇಳಿದು ಬರುತ್ತವೆ. ಚೌತಿ ಮತ್ತು ಆಯುಧಪೂಜೆಯ ಸಮಯದಲ್ಲಿ ರಸ್ತೆಬದಿಯಲ್ಲಿ ಇವನ್ನು ಮಾರಿನ ಲೆಕ್ಕದಲ್ಲಿ ಮಾರುತ್ತಾರೆ.

ಹಿತ್ತಲಿನ ಹೂವು

ಕೆಲವು ಹೂಗಳಿಗೆ ಅಂಗಡಿಗಿಂತ ಹಿತ್ತಲೇ ಮೂಲ. ಗೌಡ ಸಾರಸ್ವತರು ಶ್ರಾವಣದಲ್ಲಿ ಚೂಡಿ ಕಟ್ಟುವುದು ಗರಿಕೆ ಹಾಗೂ ಮನೆಯಂಗಳದ ಸಣ್ಣ ಹೂಗಳಿಂದ. ಪೇಟೆಯಲ್ಲಿ ಈಗ ಕಟ್ಟಿದ ಚೂಡಿಯೂ ದೊರೆಯುತ್ತದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮೊದಲಿನ ಒಂಬತ್ತು ದಿನ ಕ್ರೈಸ್ತ ಮಕ್ಕಳು ಬಾಲೆ ಮರಿಯಳಿಗೆ ಅರ್ಪಿಸುವ ಹೂಗಳನ್ನೂ ತೋಟ, ಬೇಲಿಗಳಿಂದ ಕೊಯ್ದು ತರುವುದೇ ವಾಡಿಕೆ.

ನಾಗಾರಾಧನೆಗೆ ಮತ್ತು ಕೋಲಕ್ಕೆ ಬೇಕಾದ ಹಿಂಗಾರದ (ತುಳುವಿನಲ್ಲಿ ಪಿಂಗಾರ) ವಿಷಯ ಬೇರೆ. ಅದು ಅಡಿಕೆಯ ಹೂಗೊಂಚಲು. ಒಂದನ್ನು ಕೊಯ್ದರೆ ಮುಂದಿನ ಒಂದು ಗೊನೆ ಹೋದಂತೆ. ತೋಟವಿಲ್ಲದವರು ಅದನ್ನು ಹಣ ಕೊಟ್ಟೇ ತರಬೇಕಾಗುತ್ತದೆ.

ಗಿಡಗಳು

ದಾಸವಾಳ, ಕ್ರೋಟನ್ ಮೊದಲಾದವುಗಳ ಗೆಲ್ಲುಗಳನ್ನು ಮಳೆಗಾಲದ ಆರಂಭದಲ್ಲಿ ನೆರೆಹೊರೆಯವರಿಂದ ಕೇಳಿ ತಂದು ನೆಡುವುದು ಹಳೆಯ ಪದ್ಧತಿ. ನರ್ಸರಿಗಳಿಂದ ಕೊಳ್ಳುವುದು ಹೆಚ್ಚಾಗಿ ಕಸಿ ಗಿಡಗಳನ್ನು ಮತ್ತು ಆಂಥೂರಿಯಂ, ಆರ್ಕಿಡ್‌ಗಳಂತಹ ಅಲಂಕಾರಿಕ ಗಿಡಗಳನ್ನು. ಆಂಥೂರಿಯಂ ಅನ್ನು ಜಿಲ್ಲೆಯ ಕೆಲವು ಕೃಷಿಕರು ನೆರಳುಬಲೆಯಡಿ ಬೆಳೆದು ಹೂವನ್ನು ಮಾರುತ್ತಾರೆ. ಅದು ಹೆಚ್ಚಾಗಿ ಸಭಾಂಗಣಗಳ ಅಲಂಕಾರಕ್ಕೆ ಹೋಗುತ್ತದೆ.