ಅಲ್ಪಾವಧಿ ಆರೋಗ್ಯ ವಿಮೆ: ಯಾರಿಗೆ ಸಾಕು, ಯಾರಿಗೆ ಸಾಲದು?

ಮೂರು ತಿಂಗಳು, ಆರು ತಿಂಗಳು ಅಂತ ಕಡಿಮೆ ಕಂತಿನಲ್ಲಿ ಸಿಗುವ ಆರೋಗ್ಯ ವಿಮೆ ನೋಡಲು ಅಗ್ಗ. ಆದರೆ ಆಸ್ಪತ್ರೆ ಸೇರಿದಾಗ ಅದು ಕೈಹಿಡಿಯುತ್ತಾ ಎಂಬುದು ನಿಮಗೆ ಈಗಾಗಲೇ ಇರುವ ಕಾಯಿಲೆಯ ಮೇಲೆ ನಿಂತಿದೆ. ದುಡ್ಡು ಕಟ್ಟುವ ಮುಂಚೆ ತಿಳಿದಿರಬೇಕಾದ ಮಾಹಿತಿ ಇಲ್ಲಿದೆ.

ಅಲ್ಪಾವಧಿ ವಿಮೆ ಅಂದ್ರೆ ಏನು?

ಒಂದು ವರ್ಷದೊಳಗೆ ಮುಗಿಯುವ ಪಾಲಿಸಿ ಇದು. ಜನರಿಗೆ ನೆನಪಿರುವ ಉದಾಹರಣೆ 2020ರ ಜುಲೈನಲ್ಲಿ ಬಂದ ಕೊರೊನಾ ಕವಚ. ಮೂರೂವರೆ, ಆರೂವರೆ, ಒಂಬತ್ತೂವರೆ ತಿಂಗಳ ಅವಧಿಗೆ ಅದು ಸಿಗುತ್ತಿತ್ತು. ಒಂದು ಕಾಯಿಲೆಗೆ, ಒಂದು ಕಾಲಕ್ಕೆ ಮಾಡಿದ ವಿಮೆ ಅದು. ಸಾಮಾನ್ಯ ಆರೋಗ್ಯ ವಿಮೆಯ ಜಾಗ ತುಂಬುವಂಥದ್ದಲ್ಲ.

ಮುಖ್ಯ ತೊಂದರೆ: ಕಾಯುವ ಅವಧಿ

ಸಾಮಾನ್ಯ ಆರೋಗ್ಯ ಪಾಲಿಸಿಗಳಲ್ಲಿ ಮೊದಲ 30 ದಿನ ಅಪಘಾತಕ್ಕೆ ಬಿಟ್ಟು ಬೇರೆ ಕಾಯಿಲೆಗೆ ಹಣ ಸಿಗುವುದಿಲ್ಲ. ಪಾಲಿಸಿ ಮಾಡಿಸುವ ಮೊದಲೇ ಶುಗರ್, ಬಿಪಿ, ಹೃದಯದ ತೊಂದರೆ ಇದ್ದರೆ ಕಂಪನಿ ಗರಿಷ್ಠ 36 ತಿಂಗಳವರೆಗೆ ಕಾಯಿಸಬಹುದು. 2024ರ ನಿಯಮಕ್ಕೂ ಮೊದಲು ಇದು 48 ತಿಂಗಳಿತ್ತು. ಹರ್ನಿಯಾ, ಕಣ್ಣಿನ ಪೊರೆಯಂಥ ಕೆಲವು ಚಿಕಿತ್ಸೆಗೂ ಪ್ರತ್ಯೇಕ ಕಾಯುವ ಅವಧಿ ಇರುತ್ತದೆ.

ಉದಾಹರಣೆಗೆ, ಐದು ವರ್ಷದಿಂದ ಶುಗರ್ ಇರುವ ಕಿರಾಣಿ ಅಂಗಡಿಯವರು ಆರು ತಿಂಗಳ ಪಾಲಿಸಿ ಮಾಡಿಸಿ, ಅದು ಮುಗಿದ ಮೇಲೆ ಇನ್ನೊಂದು ಹೊಸದು ಮಾಡಿಸಿದರು ಎಂದುಕೊಳ್ಳಿ. ಹೊಸ ಪಾಲಿಸಿಗೆ ಕಾಯುವ ಅವಧಿಯೂ ಹೊಸದಾಗಿ ಶುರುವಾಗುತ್ತದೆ. ಶುಗರ್‌ನಿಂದ ಕಾಲಿಗೆ ಗಾಯವಾಗಿ ಆಸ್ಪತ್ರೆ ಸೇರಿದರೆ ಬಿಲ್ ತಮ್ಮ ಕೈಯಿಂದಲೇ. ಅದೇ ವಾರ್ಷಿಕ ಪಾಲಿಸಿಯನ್ನು ಬಿಡದೆ ನವೀಕರಿಸುತ್ತಾ ಬಂದಿದ್ದರೆ ಮೂರು ವರ್ಷಕ್ಕೆ ಆ ಅಡ್ಡಿ ಮುಗಿಯುತ್ತಿತ್ತು.

ಇನ್ನೊಂದು ವ್ಯತ್ಯಾಸವಿದೆ. ವಾರ್ಷಿಕ ಪಾಲಿಸಿ ಇಷ್ಟವಾಗದಿದ್ದರೆ ಕೈಸೇರಿದ 30 ದಿನದೊಳಗೆ ವಾಪಸ್ ಕೊಡಬಹುದು. ಒಂದು ವರ್ಷಕ್ಕಿಂತ ಕಡಿಮೆ ಅವಧಿಯ ಪಾಲಿಸಿಗೆ ಈ ಸೌಲಭ್ಯ ಅನ್ವಯಿಸುವುದಿಲ್ಲ.

ಮೊದಲು ಇವನ್ನು ನೋಡಿ

* ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಉಚಿತ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ₹1.5 ಲಕ್ಷ ಮೀರದಂತೆ. ಹಳೆಯ ಕಾಯಿಲೆ ಅಂತ ಕಾಯಿಸುವುದಿಲ್ಲ. ತುರ್ತು ಸಂದರ್ಭ ಬಿಟ್ಟು ಉಳಿದಂತೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು.
* ಯಶಸ್ವಿನಿ: ಸಹಕಾರ ಸಂಘಗಳ ಸದಸ್ಯರಿಗೆ. ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ. ನೋಂದಣಿ ಸರ್ಕಾರ ಪ್ರಕಟಿಸಿದ ದಿನಗಳಲ್ಲಿ ಮಾತ್ರ. ನಿಮ್ಮ ಸೊಸೈಟಿಯಲ್ಲಿ ವಿಚಾರಿಸಿ.
* ಇಎಸ್‌ಐ: 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಅಂಗಡಿಗಳಲ್ಲಿ ತಿಂಗಳಿಗೆ ₹21,000ದೊಳಗೆ ಸಂಬಳ ಇರುವವರಿಗೆ.

ಗಮನಿಸಿ: ಬ್ಯಾಂಕ್ ಖಾತೆಯಿಂದ ವರ್ಷಕ್ಕೆ ₹20 ಕಡಿತವಾಗುವ ಸುರಕ್ಷಾ ಬಿಮಾ ಯೋಜನೆ ಅಪಘಾತದ ಸಾವು ಮತ್ತು ಅಂಗವೈಕಲ್ಯಕ್ಕೆ. ₹436ರ ಜೀವನ ಜ್ಯೋತಿ ಜೀವವಿಮೆ. ಇವೆರಡೂ ಆಸ್ಪತ್ರೆ ಬಿಲ್ ಕಟ್ಟುವುದಿಲ್ಲ.

ಹಾಗಾದ್ರೆ ಅಲ್ಪಾವಧಿ ಯಾರಿಗೆ?

ಯಾವ ಕಾಯಿಲೆಯೂ ಇಲ್ಲದವರು, ಒಂದು ಕೆಲಸ ಬಿಟ್ಟು ಇನ್ನೊಂದು ಸೇರುವ ನಡುವಿನ ತಿಂಗಳುಗಳಿಗೆ ಅಥವಾ ಪ್ರವಾಸದ ಅವಧಿಗೆ ತೆಗೆದುಕೊಂಡರೆ ಸರಿ. ಕೆಲಸ ಬಿಡುವವರು ಕಂಪನಿಯ ಗುಂಪು ವಿಮೆಯನ್ನು ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಿಸಿಕೊಳ್ಳಲು ಆಗುತ್ತಾ ಅಂತ ಮೊದಲು ಕೇಳಬೇಕು. ಆಗ ಕಾದ ದಿನಗಳ ಲೆಕ್ಕ ಹಾಳಾಗದು.

ಶುಗರ್, ಬಿಪಿ ಇರುವವರು, 45 ದಾಟಿದವರು, ಮನೆಯಲ್ಲಿ ವಯಸ್ಸಾದ ತಂದೆ-ತಾಯಿ ಇರುವವರಿಗೆ ವಾರ್ಷಿಕ ಪಾಲಿಸಿಯೇ ಒಳ್ಳೆಯದು. ಕಂತು ಜಾಸ್ತಿ ಅನಿಸಿದರೆ ಕಡಿಮೆ ಮೊತ್ತದ ಪಾಲಿಸಿಯಿಂದ ಶುರು ಮಾಡಿ, ಆದರೆ ನವೀಕರಣ ತಪ್ಪಿಸಬೇಡಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿಗೆ ಜಿಎಸ್‌ಟಿ ಇಲ್ಲ.

ಸಹಿ ಹಾಕುವ ಮುಂಚೆ ಏಜೆಂಟರಿಗೆ ಕೇಳಿ

1. ನನ್ನ ಕಾಯಿಲೆಗೆ ಎಷ್ಟು ತಿಂಗಳು ಕಾಯಬೇಕು?
2. ನಮ್ಮ ತಾಲ್ಲೂಕು, ಜಿಲ್ಲಾ ಕೇಂದ್ರದ ಯಾವ ಆಸ್ಪತ್ರೆಯಲ್ಲಿ ನಗದುರಹಿತ ಸೌಲಭ್ಯ ಇದೆ?
3. ರೂಮ್ ಬಾಡಿಗೆಗೆ ಮಿತಿ ಇದೆಯಾ? ಬಿಲ್ಲಿನಲ್ಲಿ ನನ್ನ ಪಾಲೆಷ್ಟು?
4. ಅವಧಿ ಮುಗಿದ ಮೇಲೆ ಇದೇ ಪಾಲಿಸಿ ಮುಂದುವರಿಯುತ್ತಾ?

ಉತ್ತರ ಬಾಯಿಮಾತಲ್ಲಿ ಬೇಡ, ಪಾಲಿಸಿ ಪತ್ರದಲ್ಲಿ ತೋರಿಸಲು ಹೇಳಿ. ಅರ್ಜಿಯಲ್ಲಿ ಕಾಯಿಲೆ ಮುಚ್ಚಿಡಬೇಡಿ. 'ಬರೆಯೋದು ಬೇಡ ಬಿಡಿ' ಅಂತ ಏಜೆಂಟರು ಹೇಳಿದರೂ ಕ್ಲೇಮ್ ತಿರಸ್ಕಾರವಾದಾಗ ನಷ್ಟ ನಿಮಗೇ.

ಕ್ಲೇಮ್ ವಿಷಯದಲ್ಲಿ ಅನ್ಯಾಯವಾದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಪರಿಹಾರ ಸಿಗದಿದ್ದರೆ ಐಆರ್‌ಡಿಎಐ ಸಹಾಯವಾಣಿ 155255ಕ್ಕೆ ಕರೆ ಮಾಡಬಹುದು, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೂ ಅರ್ಜಿ ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ.