ಯಂತ್ರಕ್ಕೆ ಸಾಲ, ಸರಕಿಗೆ ಸಬೂಬು

2015ರಲ್ಲಿ ಮುದ್ರಾ ಸಾಲ ಯೋಜನೆ ಬರುವ ತನಕ ಸಣ್ಣ ವ್ಯಾಪಾರಿಗೆ ಅಡಮಾನವಿಲ್ಲದೆ ಸಾಲ ಕೊಟ್ಟವರೇ ಇರಲಿಲ್ಲ ಎಂಬ ಮಾತು ಭಾಷಣಗಳಲ್ಲಿ ಸಲೀಸಾಗಿ ಓಡಾಡುತ್ತಿದೆ. ಅಂಗಡಿಯವರೆಂದರೆ ತೆರಿಗೆ ತಪ್ಪಿಸುವವರು, ಅವರಿಗೇಕೆ ಸರ್ಕಾರದ ನೆರವು ಎಂಬ ಇನ್ನೊಂದು ಮಾತು 2025ರ ಜುಲೈನಲ್ಲಿ ಸಣ್ಣ ಅಂಗಡಿಗಳಿಗೆ ಹೋದ ಜಿಎಸ್‌ಟಿ ನೋಟಿಸುಗಳ ಗಲಾಟೆಯಲ್ಲಿ ಕೇಳಿಬಂತು. ಕಡೂರು, ತರೀಕೆರೆ, ಅಜ್ಜಂಪುರದ ಬ್ಯಾಂಕ್ ಶಾಖೆಗಳಲ್ಲಿ ಸರ್ವಿಸ್ ಕಳೆದ ನನ್ನಂಥವನಿಗೆ ಈ ಎರಡು ಮಾತೂ ಒಂದೇ ಮರೆವಿನಿಂದ ಹುಟ್ಟಿದಂತೆ ಕಾಣುತ್ತವೆ.

ಮರೆತುಹೋದ ಆ ಸಾಲದ ಕಥೆಯ ಮೊದಲ ಘಟ್ಟವನ್ನು ಬೇಗ ಮುಗಿಸಬಹುದು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಮೈಸೂರು ಬ್ಯಾಂಕ್ ಹುಟ್ಟಿತು. ಸಂಸ್ಥಾನದ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯೂ ಆ ಕಾಲದ್ದೇ. ಆದರೆ ಕಣ್ಣಿದ್ದದ್ದು ದೊಡ್ಡದರ ಮೇಲೆ. 1923ರಲ್ಲಿ ಶುರುವಾದ ಭದ್ರಾವತಿ ಕಾರ್ಖಾನೆಗೆ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿ ಅದಿರು ಕೊಟ್ಟಿತು, ಅಷ್ಟೆ. ಸ್ವಾತಂತ್ರ್ಯದ ನಂತರ ಗ್ರಾಮ ಮತ್ತು ಸಣ್ಣ ಕೈಗಾರಿಕೆಗಳ ಕುರಿತ 1955ರ ಕರ್ವೆ ಸಮಿತಿ, 1959ರ ರಾಜ್ಯ ಹಣಕಾಸು ಸಂಸ್ಥೆ, 1967ರಲ್ಲಿ ಸಣ್ಣ ಕೈಗಾರಿಕೆಗೆ 47 ವಸ್ತುಗಳ ಮೀಸಲಾತಿ. ಎಲ್ಲವೂ ತಯಾರಿಸುವವನಿಗೆ. ಸೋಪು ಬೇಯಿಸುವವನು ಉದ್ಯಮಿ, ಅದನ್ನು ಮಾರುವವನು ಲಾಭಕೋರ ಎಂಬುದು ಯೋಜನಾ ಪಂಡಿತರ ಲೆಕ್ಕ. ನಮ್ಮ ಸೀಮೆಯಲ್ಲೋ, ತಯಾರಿಸುವವರಿಗಿಂತ ಮಾರುವವರೇ ಹೆಚ್ಚು. ಕಡೂರು–ಬೀರೂರಿನ ತೆಂಗು, ತರೀಕೆರೆಯ ಅಡಿಕೆ, ಅಜ್ಜಂಪುರ–ಶಿವನಿ ಕಡೆಯ ಈರುಳ್ಳಿ ಕೈಗೆ ಬಂದಾಗ ಊರಿನ ಅಂಗಡಿಯ ಉದ್ರಿ ತೀರುತ್ತದೆ. ಬೆಲೆ ಬಿದ್ದ ವರ್ಷ ಉದ್ರಿ ಪುಸ್ತಕ ದಪ್ಪವಾಗುತ್ತದೆ.

ನಿಜವಾದ ತಿರುವು 1969ರ ಬ್ಯಾಂಕ್ ರಾಷ್ಟ್ರೀಕರಣ. 1972ರಲ್ಲಿ ಬಂದ ಡಿಆರ್‌ಐ (ಭೇದಾತ್ಮಕ ಬಡ್ಡಿ ದರ) ಸಾಲಕ್ಕೆ ಬಡ್ಡಿ ಶೇ. 4 ಮಾತ್ರ. ದೇವರಾಜ ಅರಸು ಕಾಲದ 1976ರ ಋಣ ಪರಿಹಾರ ಕಾಯ್ದೆ ಲೇವಾದೇವಿಯವರ ಹಿಡಿತವನ್ನು ಸಡಿಲಿಸಿತು. ಮಾರನೆಯ ವರ್ಷ ಹಿಂದುಳಿದ ವರ್ಗಗಳ ನಿಗಮ ಬಂತು, 1978ರಲ್ಲಿ ಜಿಲ್ಲಾ ಕೈಗಾರಿಕಾ ಕೇಂದ್ರಗಳು. 1980ರ ಅಕ್ಟೋಬರ್ 2ರಿಂದ ಐಆರ್‌ಡಿಪಿ (ಸಮಗ್ರ ಗ್ರಾಮೀಣಾಭಿವೃದ್ಧಿ ಕಾರ್ಯಕ್ರಮ) ದೇಶದ ಎಲ್ಲ ಬ್ಲಾಕ್‌ಗಳಿಗೂ ಹಬ್ಬಿತು. ಬ್ಲಾಕಿಗೆ ವರ್ಷಕ್ಕೆ 600 ಕುಟುಂಬಗಳ ಗುರಿ. ನಮ್ಮ ತಲೆಮಾರು ಬ್ಯಾಂಕಿನೊಳಗೆ ಬಂದದ್ದು ಈ ಗುರಿಯ ಬೆನ್ನಲ್ಲೇ.

ಕೇಂದ್ರದ ಹಣಕಾಸು ರಾಜ್ಯ ಸಚಿವರಾಗಿದ್ದ ಜನಾರ್ದನ ಪೂಜಾರಿಯವರ ಸಾಲ ಮೇಳಗಳನ್ನು ಗೇಲಿ ಮಾಡುವುದು ಈಗ ವಿದ್ಯಾವಂತರ ಲಕ್ಷಣ. ಶಾಮಿಯಾನ, ಹಾರ, ಪಕ್ಷದವರು ಬರೆದುಕೊಟ್ಟ ಪಟ್ಟಿ, ಎಲ್ಲ ಇದ್ದದ್ದು ನಿಜ. ಆದರೆ ಬ್ಯಾಂಕಿನ ಮೆಟ್ಟಿಲ ಬಳಿಯೇ ನಿಲ್ಲುತ್ತಿದ್ದ ಕ್ಷೌರದಂಗಡಿಯವರು, ಮಡಿವಾಳರು, ಬಳೆ ಮಾರುವ ಹೆಂಗಸರು ಮ್ಯಾನೇಜರ್ ಎದುರು ಕುರ್ಚಿ ಎಳೆದು ಕೂತದ್ದು ಆಗಲೇ. ಅಷ್ಟನ್ನು ಒಪ್ಪಿಕೊಳ್ಳದ ಟೀಕೆಗೆ ನಾನು ಕಿವಿಗೊಡುವುದಿಲ್ಲ.

ತಪ್ಪಿದ್ದದ್ದು ಬೇರೆ ಕಡೆ. ಅರ್ಜಿಯ ಜೊತೆ ಡೀಲರನ ಕೊಟೇಷನ್ ಇರಬೇಕು; ಸಾಲದ ಹಣ ಸಾಲಗಾರನ ಕೈಗಲ್ಲ, ಡೀಲರನ ಖಾತೆಗೆ. ಹೊಲಿಗೆ ಯಂತ್ರವಾದರೆ ತಪಾಸಣೆಗೆ ಬಂದವರು ಮುಟ್ಟಿ ನೋಡಬಹುದು. ಎಮ್ಮೆಯಾದರೆ ಕಿವಿಯಲ್ಲಿ ವಿಮೆಯ ಓಲೆ ಇರುತ್ತದೆ. ಆದರೆ ಎರಡು ಮೂಟೆ ಸಕ್ಕರೆ, ನಾಲ್ಕು ಡಬ್ಬ ಎಣ್ಣೆ ತರಲು ಸಾಲ ಕೊಟ್ಟರೆ ಹದಿನೈದು ದಿನದಲ್ಲಿ ಮಾರಿಹೋಗಿರುತ್ತದೆ. ‘ಆಸ್ತಿ ಎಲ್ಲಿ ತೋರಿಸಿ’ ಎಂದರೆ ಖಾಲಿ ಡಬ್ಬ ತೋರಿಸಬೇಕು. ಹೀಗಾಗಿ ಚಿಲ್ಲರೆ ಅಂಗಡಿಗೆ ಸಾಲ ಕೇಳಿದವರಿಗೂ ಎಮ್ಮೆ ಮಂಜೂರಾದ ಕಡತಗಳು ನನ್ನ ಕೈಯಲ್ಲೇ ದಾಟಿಹೋಗಿವೆ. ಮಾರಿ, ಕೊಂಡು, ಮತ್ತೆ ಮಾರುವ ದುಡ್ಡಿಗೆ, ಅಂದರೆ ದುಡಿಯುವ ಬಂಡವಾಳಕ್ಕೆ, ಯೋಜನೆಯಲ್ಲಿ ಕಾಲಂ ಇದ್ದರೂ ಮನಸ್ಸಿರಲಿಲ್ಲ.

ಈ ಮನಸ್ಸು ಸ್ವಲ್ಪವಾದರೂ ಇದ್ದದ್ದು 1984ರಲ್ಲಿ ಶುರುವಾದ ಚಿಕ್ಕಮಗಳೂರು–ಕೊಡಗು ಗ್ರಾಮೀಣ ಬ್ಯಾಂಕಿನ ಬಗೆಯ ಶಾಖೆಗಳಲ್ಲಿ. ಪಕ್ಷಪಾತ ಎಂದರೂ ಸರಿ, ಆ ಕಾಲದ ಫೀಲ್ಡ್ ಆಫೀಸರುಗಳಷ್ಟು ಅಂಗಡಿ ಬಲ್ಲವರು ಆಮೇಲೆ ಬರಲಿಲ್ಲ. ಯಾವ ಮಂಡಿಯಲ್ಲಿ ಯಾರಿಗೆ ಎಷ್ಟು ಬಾಕಿ, ಯಾರು ಮಾತಿಗೆ ನಿಲ್ಲುವವರು ಎಂಬುದು ಅವರಿಗೆ ಬಾಯಿಪಾಠ. ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ಶುರುಮಾಡಿದ್ದ ಪಿಗ್ಮಿಯೂ ಇದೇ ಜಾಣ್ಮೆಯದು. ಸಂಜೆ ಸಂಜೆ ಹತ್ತು ರೂಪಾಯಿ ತುಂಬಿದ ಪುಸ್ತಕ ಅಂಗಡಿಯ ಲೆಕ್ಕಪತ್ರಕ್ಕಿಂತ ಸಾಚಾ. ಅದನ್ನು ನೋಡಿ ಸಾಲ ಕೊಟ್ಟವರಿಗೆ ವಸೂಲಿಯ ಚಿಂತೆ ಕಡಿಮೆ ಇತ್ತು.

1990ರ ಸಾಲ ಮನ್ನಾ ರೈತರ ಜೊತೆ ಕುಶಲಕರ್ಮಿಗಳ, ನೇಕಾರರ 10,000 ರೂಪಾಯಿವರೆಗಿನ ಬಾಕಿಯನ್ನೂ ತೊಡೆಯಿತು. ಕಟ್ಟಿದವನು ಪೆದ್ದ, ಕಟ್ಟದವನು ಜಾಣ ಎಂದಾಯಿತು. ಮರುವರ್ಷದಿಂದ ಸುಧಾರಣೆಯ ಗಾಳಿ, ವಸೂಲಿಯ ಒತ್ತಡ. ಬ್ಯಾಂಕುಗಳು ಸಣ್ಣವರಿಂದ ಮೆಲ್ಲಗೆ ಹಿಂದೆ ಸರಿದವು. ಆ ಜಾಗವನ್ನು 2000ದ ಸ್ತ್ರೀಶಕ್ತಿ ಸಂಘಗಳು ಒಂದಿಷ್ಟು ತುಂಬಿದವು, ಉಳಿದದ್ದನ್ನು ವಾರದ ಕಂತಿನ ಮೈಕ್ರೋಫೈನಾನ್ಸ್. ಅದರ ಕಾಟ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸುಗ್ರೀವಾಜ್ಞೆ ತರಬೇಕಾಯಿತು. ನಮ್ಮ ಚಿಕ್ಕಮಗಳೂರು–ಕೊಡಗು ಗ್ರಾಮೀಣ ಬ್ಯಾಂಕ್ 2012ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕಾಗಿ, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಳಗೆ ಸೇರಿತು; ಅದರ ಕೇಂದ್ರ ಕಚೇರಿ ಈಗ ಬಳ್ಳಾರಿಯಲ್ಲಿದೆ.

ಮುದ್ರಾ ಮಾಡಿದ ಒಳ್ಳೆಯದೆಂದರೆ ವ್ಯಾಪಾರಕ್ಕೂ ಸಾಲ ಎಂದು ಬಾಯಿಬಿಟ್ಟು ಹೇಳಿದ್ದು. ಆದರೆ ಈರುಳ್ಳಿ, ಅಡಿಕೆಯ ಸುಗ್ಗಿಗೆ ಉದ್ರಿ ವಸೂಲಾಗುವ ಊರಿನಲ್ಲಿ ತಿಂಗಳ 5ಕ್ಕೆ ಇಎಂಐ ಕಟ್ಟು ಎಂದರೆ ಅಂಗಡಿಯವನು ಮತ್ತೆ ಬಡ್ಡಿಯವನ ಬಾಗಿಲಿಗೇ ಹೋಗುತ್ತಾನೆ. ಚಿಲ್ಲರೆ ವ್ಯಾಪಾರಿಯನ್ನು ಎಂಎಸ್‌ಎಂಇ ಎಂದು ಕೇಂದ್ರ ಒಪ್ಪಿದ್ದು 2021ರ ಜುಲೈನಲ್ಲಿ, ಅದೂ ಆದ್ಯತಾ ಸಾಲದ ಮಟ್ಟಿಗೆ ಮಾತ್ರ. ‘ಒಂದು ಜಿಲ್ಲೆ ಒಂದು ಉತ್ಪನ್ನ’ದಲ್ಲಿ ಚಿಕ್ಕಮಗಳೂರಿಗೆ ಸಿಕ್ಕಿದ್ದು ಸಾಂಬಾರ ಪದಾರ್ಥ. ತೆಂಗು ಹಾಸನಕ್ಕೂ ತುಮಕೂರಿಗೂ ಹೋಯಿತು. ಕಡೂರಿನ ಬಯಲು ಮಲೆನಾಡಿನ ನೆರಳಿನಲ್ಲಿ ಕಳೆದುಹೋಯಿತು.

ಹೇಳಿಕೊಳ್ಳಲು ಈ ಸೀಮೆಗೆಲ್ಲ ಸೇರಿ ಒಬ್ಬ ಸಂಸದರಾದರೂ ಇದ್ದಾರೆಯೇ? ಕಡೂರು ಕ್ಷೇತ್ರ ಹಾಸನ ಲೋಕಸಭೆಗೆ, ಅಜ್ಜಂಪುರವನ್ನು ಒಳಗೊಂಡ ತರೀಕೆರೆ ಕ್ಷೇತ್ರ ಉಡುಪಿ–ಚಿಕ್ಕಮಗಳೂರಿಗೆ. ನಿಗಮಗಳ ಸಾಲಕ್ಕೆ ಫಲಾನುಭವಿಗಳನ್ನು ಆರಿಸುವ ಸಮಿತಿಗೆ ಶಾಸಕರೇ ಅಧ್ಯಕ್ಷರು. ಸರ್ಕಾರ ಯಾವ ಪಕ್ಷದ್ದಾದರೂ ಆ ಕುರ್ಚಿ ಅಲುಗಿಲ್ಲ. ಪಟ್ಟಿಯಲ್ಲಿ ಹೆಸರು ಸೇರಿಸುವುದು ಮತ ತರುತ್ತದೆ, ಓವರ್‌ಡ್ರಾಫ್ಟ್ ಮಿತಿ ಏರಿಸುವುದು ತರುವುದಿಲ್ಲ.

ವರ್ತಕರ ಸಂಘದವರಲ್ಲಿ ಒಂದು ವಿನಂತಿ. ಮುಂದಿನ ಬಾರಿ ಬ್ಯಾಂಕರುಗಳ ಸಭೆಗೆ ಕರೆದರೆ ಎಷ್ಟು ಜನಕ್ಕೆ ಸಾಲ ಕೊಟ್ಟಿರಿ ಎಂದು ಕೇಳಬೇಡಿ, ಆ ಅಂಕಿ ಅವರ ಬಳಿ ಸಿದ್ಧವಿರುತ್ತದೆ. ಕಡೂರು, ತರೀಕೆರೆ, ಅಜ್ಜಂಪುರದ ಎಷ್ಟು ಅಂಗಡಿಗಳಿಗೆ ಕಂತಿನ ಸಾಲವಲ್ಲದೆ ವರ್ಷವಿಡೀ ತಿರುಗಿಸಬಹುದಾದ ಕ್ಯಾಶ್ ಕ್ರೆಡಿಟ್ ಕೊಟ್ಟಿದ್ದೀರಿ ಎಂದು ಕೇಳಿ, ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಿ.